ಸನ್ನತಿಗೆ ಹೋದ ನಾಲ್ಕು ಸಬ್ಜೆಕ್ಟುಗಳು

ನಮ್ಮ ಹಾಸ್ಟೆಲ್‌ನಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ. ಮೆಸ್ಸಿನ ಸಾಲಿನಲ್ಲಿ "ಏ ಹಿಸ್ಟರಿ, ಮುಂದ ಸರಿ", "ಸೈಕಾಲಜಿ, ಉಪ್ಪಿನಕಾಯಿ ಕೊಡೋ" ಅಂತಲೇ ನಡೆಯುತ್ತದೆ. ನಾನು "ಕನ್ನಡ". ರಾಜ್ಯೋತ್ಸವದ ದಿನ ಇದರಿಂದ ಸ್ವಲ್ಪ ಗೌರವ ಜಾಸ್ತಿ ಸಿಗುತ್ತದೆ, ಉಳಿದ ದಿನ ಏನೂ ಇಲ್ಲ.

ಕಲಬುರಗಿಯಿಂದ ಆಳಂದ ರಸ್ತೆ ಹಿಡಿದರೆ ಕಡಗಂಚಿ ಹತ್ತಿರ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯ. ಶುರುವಾದದ್ದು 2009ರಲ್ಲಿ. ದೇಶದ ಎಲ್ಲ ಕಡೆಯವರೂ ಪ್ರವೇಶ ಪರೀಕ್ಷೆ ಬರೆದು ಇಲ್ಲಿಗೆ ಬರುತ್ತಾರೆ. ಹಿಸ್ಟರಿ ಹಾಗೆ ಬಂದವನು, ಭುವನೇಶ್ವರದ ಹುಡುಗ. ಕಲಬುರಗಿ ಮೇಲೆ ಪ್ರೀತಿ ಉಕ್ಕಿ ಬಂದವನೇನಲ್ಲ. ಸೀಟು ಸಿಕ್ಕಿತು, ಬಂದ. ನಮ್ಮ ಬಿಸಿಲಿಗೂ ಖಾರಕ್ಕೂ ಹಿಂದಿಯಲ್ಲಿ ಬೈಯುತ್ತಾ ಇದ್ದ. ಒಂದು ಸಂಜೆ ಲೈಬ್ರರಿಯಿಂದ ಓಡಿ ಬಂದು, "ನಮ್ಮೂರಿನ ಶಾಸನ ನಿಮ್ಮ ಜಿಲ್ಲೆಯಲ್ಲಿದೆ, ನನಗೆ ಯಾಕೆ ಯಾರೂ ಹೇಳಲಿಲ್ಲ?" ಅಂತ ಜಗಳಕ್ಕೇ ನಿಂತ.

ವಿಷಯ ಇಷ್ಟು. ಭುವನೇಶ್ವರದ ಪಕ್ಕದಲ್ಲೇ ಧೌಲಿ ಇದೆ. ಕಳಿಂಗ ಗೆದ್ದ ಮೇಲೆ ಅಶೋಕ ಅಲ್ಲಿ ಮತ್ತು ಜೌಗಡದಲ್ಲಿ ಎರಡು ಪ್ರತ್ಯೇಕ ಶಾಸನ ಬರೆಸಿದ. "ಎಲ್ಲ ಜನರೂ ನನ್ನ ಮಕ್ಕಳು" ಅನ್ನುವ ಮಾತು ಇರುವುದು ಆ ಶಾಸನಗಳಲ್ಲೇ. ಅವು ಕಳಿಂಗಕ್ಕೆ ಮಾತ್ರ ಅಂತ ಬಹಳ ಕಾಲ ತಿಳಿದಿದ್ದರು. ಆಮೇಲೆ ಅದೇ ಮಾತು ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ನದಿ ದಂಡೆಯಲ್ಲಿ ಸಿಕ್ಕಿತು. ಕಳಿಂಗದ ಮಾತಿಗೆ ಇಲ್ಲೇನು ಕೆಲಸ? ಹಿಸ್ಟರಿಗೆ ಅದೇ ತಲೆಬಿಸಿ.

ಭಾನುವಾರ ಹೊರಟೆವು. ಆಳಂದ ಕಡೆಯ ಸೈಕಾಲಜಿ ಜೊತೆಗೆ ಬಂದ. ಅವನು ಓದುವುದು ಎಂ.ಎ., ಕನಸು ಕಾಣುವುದು ಕೆಎಎಸ್. ಎಲ್ಲಿ ಹೋದರೂ ಪ್ರಚಲಿತ ವಿದ್ಯಮಾನದ ಪುಸ್ತಕ ಬಗಲಲ್ಲೇ ಇರುತ್ತದೆ. ಶಹಾಬಾದ ಸ್ಟೇಷನ್ನಿನಲ್ಲಿ ಜಿಯಾಲಜಿ ಹತ್ತಿದಳು. ಕೈಯಲ್ಲಿ ದೊಡ್ಡ ಬುತ್ತಿ ಗಂಟು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ವಾಡಿ ಬರುವ ಮೊದಲೇ ಅರ್ಧ ಖಾಲಿ. ಖಾರಕ್ಕೆ ಬೈಯುವ ಹಿಸ್ಟರಿಯೇ ಹಿಂಡಿ ಜಾಸ್ತಿ ತಿಂದ.

ನಾಲವಾರದಲ್ಲಿ ಇಳಿದು ಆಟೊ ಹಿಡಿದೆವು. ಸನ್ನತಿ ಅಂದರೆ ನಮ್ಮ ಕಡೆಯವರಿಗೆ ಚಂದ್ರಲಾಂಬಾ ದೇವಿಯ ಗುಡಿ. ಎಷ್ಟೋ ಮನೆಗಳಿಗೆ ಕುಲದೇವತೆ. 1986ರಲ್ಲಿ ಆ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಗ ಕಾಳಿಯ ಪೀಠವಾಗಿದ್ದ ಕಲ್ಲು ಹೊರಗೆ ಬಂತು. ಅದರ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ. ಯಾವ ಕಾಲದಲ್ಲೋ ಮೂರ್ತಿ ನಿಲ್ಲಿಸಲು ಕಲ್ಲಿನ ನಡುವೆಯೇ ತೂತು ಕೊರೆದಿದ್ದಾರೆ. ಆ ತೂತಿನ ಜಾಗದಲ್ಲಿದ್ದ ಅಕ್ಷರಗಳು ಹೋದವು. ಆದರೆ ಪೀಠ ಆಗದೇ ಇದ್ದಿದ್ದರೆ ಆ ಕಲ್ಲು ಉಳಿಯುತ್ತಿತ್ತಾ? ಯಾರದೋ ಕೊಟ್ಟಿಗೆಯ ಮೆಟ್ಟಿಲಾಗುತ್ತಿತ್ತು ಅಂತ ನನ್ನ ಗುಮಾನಿ. ಹಿಸ್ಟರಿ ಒಪ್ಪಲಿಲ್ಲ. ತೂತು ನೋಡಿದಷ್ಟೂ ಅವನಿಗೆ ಸಂಕಟ.

ಅಲ್ಲಿಂದ ಹತ್ತಿರದ ಕನಗನಹಳ್ಳಿಗೆ ಹೋದೆವು. 1990ರ ದಶಕದಲ್ಲಿ ಅಗೆದಾಗ ಅಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಸೈಕಾಲಜಿ ಪರೀಕ್ಷೆಯ ಧಾಟಿಯಲ್ಲೇ ಶುರು ಮಾಡಿದ. "ಅಶೋಕನ ಹೆಸರಿರುವ ಶಾಸನ ಮಸ್ಕಿ, 1915, ರಾಯಚೂರು ಜಿಲ್ಲೆ." ಹಿಸ್ಟರಿ ನಕ್ಕ. ಮಸ್ಕಿಯಲ್ಲಿ ಹೆಸರು ಅಷ್ಟೇ, ಇಲ್ಲಿ ಹೆಸರಿನ ಜೊತೆಗೆ ಮನುಷ್ಯನೂ ಇದ್ದಾನೆ ಅಂದ. ಇಲ್ಲಿ ಸಿಕ್ಕ ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಛತ್ರ ಹಿಡಿದವರು. ಮೇಲೆ "ರಾಯೋ ಅಸೋಕೋ" ಅಂತ ಬ್ರಾಹ್ಮಿಯಲ್ಲಿ ಕೆತ್ತಿದ್ದಾರೆ. ಕೆತ್ತಿದ್ದು ಅಶೋಕ ಸತ್ತು ಎಷ್ಟೋ ಕಾಲ ಆದ ಮೇಲೆ. ಹಾಗಾಗಿ ಅವನ ಮೂಗು ಹೀಗೇ ಇತ್ತು ಅಂತ ಯಾರೂ ಹೇಳಲಾರರು. ಸೈಕಾಲಜಿ ತಕ್ಷಣ ಪುಸ್ತಕದ ಅಂಚಿನಲ್ಲಿ ಬರೆದುಕೊಂಡ.

ಇಷ್ಟೆಲ್ಲಾ ನಡೆಯುವಾಗ ಜಿಯಾಲಜಿ ಅಕ್ಷರದ ಕಡೆ ನೋಡಲೇ ಇಲ್ಲ. ಕಲ್ಲಿನ ಅಂಚನ್ನೇ ಬಗ್ಗಿ ನೋಡುತ್ತಿದ್ದಳು. ಆಮೇಲೆ, "ಇದು ನಮ್ಮನಿ ಅಡಗಿಮನಿ ಪರ್ಸಿ ನೋಡ್ರಿ" ಅಂದಳು.

ಪರ್ಸಿ ಅಂದರೆ ನೆಲಕ್ಕೆ ಹಾಸುವ ಕಲ್ಲು. ಅವಳ ಅಪ್ಪ ಶಹಾಬಾದ ಕಲ್ಲಿನ ಗಣಿಯಲ್ಲಿ ದುಡಿದವರು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಈ ಕಲ್ಲು ಪದರ ಪದರವಾಗಿ ಬಿಡುತ್ತದೆ. ಯಾಕೆ ಹಾಗೆ ಅಂತ ಚಿಕ್ಕವಳಿದ್ದಾಗ ಕೇಳಿದರೆ ಅಪ್ಪ "ಅದು ಇರೋದೇ ಹಂಗ" ಅಂದಿದ್ದರಂತೆ. ಈಗ ಅವಳೇ ಹೇಳುತ್ತಾಳೆ: ಒಂದು ಕಾಲದಲ್ಲಿ ಇಲ್ಲಿ ಸಮುದ್ರ ಇತ್ತು, ತಳದಲ್ಲಿ ಸುಣ್ಣದ ಕೆಸರು ಪದರವಾಗಿ ಕೂತು ಗಟ್ಟಿಯಾಯಿತು. ನುಣುಪಾದ ಸುಣ್ಣದಕಲ್ಲು, ಗ್ರಾನೈಟಿನಷ್ಟು ಕಠಿಣ ಅಲ್ಲ. ಅದಕ್ಕೇ ಶಿಲ್ಪಿಗಳು ಬಟ್ಟೆಯ ಮಡಿಕೆ, ಕಾಲಿನ ಕಡಗದವರೆಗೂ ಕೆತ್ತಿದ್ದಾರೆ. ಇದೇ ಕಲ್ಲು ವಾಡಿ, ಸೇಡಂ ಕಡೆ ಸಿಮೆಂಟ್ ಆಗುತ್ತದೆ. "ಅಶೋಕನ ಕಲ್ಲು ಪುಡಿ ಮಾಡಿ ಚೀಲದಾಗ ತುಂಬ್ಲಾಕತ್ತೀವಿ" ಅಂದಳು. ಹಿಸ್ಟರಿ ಮೊದಲ ಸಲ ನೋಟ್‌ಬುಕ್ ತೆಗೆದು ಅವಳು ಹೇಳಿದ್ದನ್ನು ಬರೆದುಕೊಂಡ. ಅಕ್ಷರ ಓದುವ ಭರದಲ್ಲಿ ಕಲ್ಲು ಎಲ್ಲಿಯದು ಅಂತ ಅವನು ಕೇಳಿಕೊಂಡೇ ಇರಲಿಲ್ಲ.

ನನ್ನದು ಬೇರೆ ದಾರಿ. ನನ್ನ ಪ್ರಬಂಧ ಮೊಹರಂ ಹೊತ್ತಿನಲ್ಲಿ ಹಾಡುವ ರಿವಾಯತ್ ಪದಗಳ ಮೇಲೆ. ಎಲ್ಲಿ ಹೋದರೂ ವಯಸ್ಸಾದವರನ್ನು ಹುಡುಕುವ ಚಟ. ಗುಡಿಯ ಹತ್ತಿರ ಕೂತಿದ್ದ ಒಬ್ಬ ಅಜ್ಜಿಯನ್ನು, "ಆಯಿ, ಪದ ಬರ್ತಾವೇನ್ರಿ?" ಅಂತ ಕೇಳಿದ್ದೆ.

"ಬರ್ತಾವ ತಮ್ಮಾ. ಏನ್ ಮಾಡ್ತಿ?"

"ಬರಕೋತೀನ್ರಿ. ಅದೇ ಓದ್ಲಾಕತ್ತೀನಿ."

"ಪದ ಓದಿದ್ರ ನೌಕರಿ ಕೊಡ್ತಾರೇನು?"

ಸೈಕಾಲಜಿ ಬಿದ್ದು ಬಿದ್ದು ನಕ್ಕ. ಆಯಿ ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾದರು. ಮಾಸ್ತರ್ ಆಗಬಹುದು ಅಂದೆ. ಹಾಗಾದರೆ ಸರಿ ಅಂತ ಎರಡು ಪದ ಹಾಡಿದರು, ಮೂರನೆಯದಕ್ಕೆ ಮೊಮ್ಮಗಳು ಬಂದು ಕರೆದೊಯ್ದಳು.

ಸಂಜೆ ನಾಲವಾರದಲ್ಲಿ ರೈಲು ತಡ. ಆಗ ಸೈಕಾಲಜಿ ಚೀಲದಿಂದ ಕಾಗದ ತೆಗೆದ. ಅವನು ಬಂದದ್ದು ಅಶೋಕನಿಗಾಗಿ ಅಲ್ಲ, ನಮ್ಮಿಂದ ಪ್ರಶ್ನಾವಳಿ ತುಂಬಿಸಿಕೊಳ್ಳಲು! ಅವನ ಸಂಶೋಧನೆ ವಿದ್ಯಾರ್ಥಿಗಳ ಪರೀಕ್ಷಾ ಆತಂಕದ ಮೇಲೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ತುಂಬಿದೆವು. "ನನ್ನ ಓದಿನಿಂದ ನೌಕರಿ ಸಿಗುವ ಭರವಸೆ ನನಗಿದೆ." ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆಗೆ ಕೂತಿರುವ ಜಿಯಾಲಜಿ ನಾಲ್ಕು ಹಾಕಿದಳು. ಮನೆಯಲ್ಲಿ ಗಂಡು ನೋಡುವುದನ್ನು ಅಲ್ಲಿಯವರೆಗೆ ತಡೆದಿದ್ದಾಳೆ. ಹಿಸ್ಟರಿಗೆ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಸಿಗದಿದ್ದರೆ ವಾಪಸ್ ಒಡಿಶಾ. ಅವನು ಮೂರು. ನಾನು ಎರಡು ಹಾಕಿ, ಆಯಿಯ ಮುಖ ನೆನಪಾಗಿ ಅಳಿಸಿ ಮೂರು ಮಾಡಿದೆ.

"ನಿಂದೆಷ್ಟು?" ಅಂತ ಸೈಕಾಲಜಿಯನ್ನು ಕೇಳಿದೆವು.

"ಸಂಶೋಧಕ ಉತ್ತರ ಕೊಡಂಗಿಲ್ಲ" ಅಂತ ಕಾಗದ ಮಡಚಿ ಚೀಲಕ್ಕೆ ಹಾಕಿದ. ಜಿಯಾಲಜಿ ಅವನ ಕೈಯಿಂದ ಕೆಎಎಸ್ ಪುಸ್ತಕ ಕಸಿದುಕೊಂಡು, ಉತ್ತರ ಹೇಳುವವರೆಗೂ ಕೊಡುವುದಿಲ್ಲ ಅಂದಳು. ಶಹಾಬಾದ ಬರುವಷ್ಟರಲ್ಲಿ ಹೇಳಿದ. ಒಂದು.