ಲಾಗ್‌ಬುಕ್‌ನಲ್ಲಿ ಸುಮ್ನೆ "ಸೀಯಿಂಗ್ 2" ಅಂತ ಬರೀಬೇಡಿ

ಟೆಲಿಸ್ಕೋಪಿನಲ್ಲಿ ಜನರಿಗೆ ಗ್ರಹ ತೋರಿಸುವ ನಮ್ಮ ಡೋಮಿನಲ್ಲಿ ಸಂಜೆ ಶಿಫ್ಟಿನವರು ಲಾಗ್‌ಬುಕ್‌ನಲ್ಲಿ "ಸೀಯಿಂಗ್ 2" ಅಂತ ಬರೆದು ಹೋಗಿದ್ದರು. ಸೀಯಿಂಗ್ ಅಂದ್ರೆ ಮೇಲಿನ ಗಾಳಿ ಎಷ್ಟು ನಿಶ್ಚಲವಾಗಿದೆ ಅನ್ನೋ ಅಂಕಿ. ಯಾವ ಸ್ಕೇಲ್ ಅಂತ ಬರೆದಿರಲಿಲ್ಲ. ನಮ್ಮ ಮ್ಯಾನೇಜರ್ ಅದನ್ನು ಅಂಟೋನಿಯಾಡಿ ಸ್ಕೇಲಿನ 2 ಅಂತ ಓದಿಕೊಂಡರು, ಯಾಕಂದ್ರೆ ನನ್ನ ಶಿಫ್ಟಿನ ಲಾಗೆಲ್ಲ ಆ ಸ್ಕೇಲಿನಲ್ಲೇ ಇರುತ್ತದೆ. ಅದರಲ್ಲಿ 1 ಅಂದ್ರೆ ಚಿತ್ರ ಚೂರೂ ಅಲುಗದ ರಾತ್ರಿ. 5 ಅಂದ್ರೆ ಒರಟು ಸ್ಕೆಚ್ ಹಾಕೋದೂ ಕಷ್ಟ. 2 ಇದ್ದರೆ ಧಾರಾಳವಾಗಿ ಗ್ರಹ ತೋರಿಸಬಹುದು. ಆದರೆ ಬರೆದವರ ಮನಸ್ಸಲ್ಲಿದ್ದದ್ದು ಪಿಕರಿಂಗ್ ಸ್ಕೇಲ್. ಅದು ಉಲ್ಟಾ: 10 ಅತ್ಯುತ್ತಮ, 1 ಅತಿ ಕೆಟ್ಟದ್ದು.

ಆ ಒಂದು ಅಂಕಿ ನೋಡಿ ಆಫೀಸಿನಿಂದ ಅನೌನ್ಸ್ ಮಾಡಿಬಿಟ್ಟರು. ಇವತ್ತು ಶನಿಯ ಉಂಗುರದ ನಡುವಿನ ಕ್ಯಾಸಿನಿ ಗ್ಯಾಪ್ ತೋರಿಸುತ್ತೇವೆ ಅಂತ.

14 ಇಂಚಿನ ಎಸ್‌ಸಿಟಿ ಅನ್ನುವ ಕನ್ನಡಿ ಟೆಲಿಸ್ಕೋಪಿಗೆ 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದ್ದೆ. ಸುಮಾರು 390 ಪಟ್ಟು. ಏಣಿಯಿಂದ ಡೋಮ್ ಬಾಗಿಲ ತನಕ ಸಾಲು. ಮಳೆ ತೊಳೆದು ಬಿಟ್ಟ ಆಕಾಶ, ಹುಡುಕಿದರೂ ಮೋಡವಿಲ್ಲ. ಮೊದಲು ಏಣಿ ಹತ್ತಿದ ಹುಡುಗಿ, "ಸರ್, ಉಂಗುರ ಯಾಕೆ ನಡುಗ್ತಾ ಇದೆ?" ಅಂದಳು. ನಾನೂ ನೋಡಿದೆ. ಹರಿಯುವ ನೀರಿನ ತಳದ ಕಲ್ಲಿನ ಹಾಗೆ ಶನಿ ಕದಲುತ್ತಿತ್ತು. ಉಂಗುರದ ಅಂಚು ಉಬ್ಬುತ್ತಿತ್ತು, ಕದಡಿ ಹೋಗುತ್ತಿತ್ತು, ಮತ್ತೆ ಕೂಡುತ್ತಿತ್ತು. ಗ್ಯಾಪಿನ ಸುಳಿವೇ ಇಲ್ಲ.

ವಾಕಿಟಾಕಿಯಲ್ಲಿ ಮ್ಯಾನೇಜರ್ ದನಿ: "ಆಕಾಶ ಕ್ಲಿಯರ್ ಇದೆಯಲ್ರೀ. ಕೊಲಿಮೇಷನ್ ಹೋಗಿರಬೇಕು. ಶೋ ನಿಲ್ಲಿಸಿ, ಸ್ಕ್ರೂ ಸರಿ ಮಾಡಿ." ಕೊಲಿಮೇಷನ್ ಅಂದ್ರೆ ಟೆಲಿಸ್ಕೋಪಿನ ಕನ್ನಡಿಗಳು ಒಂದಕ್ಕೊಂದು ನೇರವಾಗಿ ಕೂತಿರುವುದು. ಸಾಲಿನಲ್ಲಿ ಆಗಲೇ ಗೊಣಗಾಟ ಶುರುವಾಗಿತ್ತು. ಜನರೆದುರು ಕತ್ತಲಲ್ಲಿ ಸ್ಕ್ರೂ ಮುಟ್ಟಿದರೆ ಸರಿ ಇರೋದೂ ಕೆಡುತ್ತದೆ. "ಸ್ವಲ್ಪ ಟೈಮ್ ಕೊಡಿ ಸರ್" ಅಂದು ಒಂದು ಪ್ರಕಾಶಮಾನವಾದ ನಕ್ಷತ್ರಕ್ಕೆ ತಿರುಗಿಸಿದೆ. ಫೋಕಸ್ ಬೇಕಂತಲೇ ಕೆಡಿಸಿದೆ. ನಕ್ಷತ್ರ ಅಗಲವಾದ ಬಿಲ್ಲೆಯಾಯಿತು. ಒಳಗಿನ ಕಪ್ಪು ಚುಕ್ಕೆ ಸರಿಯಾಗಿ ಮಧ್ಯದಲ್ಲೇ ಇತ್ತು, ಅಂದ್ರೆ ಕೊಲಿಮೇಷನ್ ಸರಿ ಇದೆ. ಟ್ಯೂಬಿನೊಳಗೆ ಬಿಸಿ ಗಾಳಿ ಉಳಿದಿದ್ದರೆ ಒಂದು ಎಳೆ ನಿಧಾನಕ್ಕೆ ಮೇಲೇಳುವುದು ಕಾಣಬೇಕಿತ್ತು. ಅದೂ ಇಲ್ಲ. ಬಿಲ್ಲೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಸರಸರ ಓಡುತ್ತಿದ್ದವು. ಅದು ತುಂಬಾ ಎತ್ತರದ ಗಾಳಿ. ಅದಕ್ಕೆ ನಮ್ಮ ಹತ್ತಿರ ಸ್ಕ್ರೂ ಇಲ್ಲ.

ಸಾಲಿನಲ್ಲಿದ್ದವರಿಗೆ ಆ ಬಿಲ್ಲೆಯನ್ನೇ ತೋರಿಸಿದೆ. ಗಾಳಿ ಓಡುವುದನ್ನು ಕಣ್ಣಾರೆ ಕಂಡ ಮೇಲೆ ಗೊಣಗಾಟ ನಿಂತಿತು. ಆಮೇಲೆ ಕಡಿಮೆ ಪಟ್ಟು ಕೊಡುವ 32 ಎಂಎಂ ಐಪೀಸ್ ಹಾಕಿ ಶನಿ ತೋರಿಸಿದೆ. ಚಿಕ್ಕದಾದರೂ ನೋಡುವಂತಿತ್ತು.

ಆಕಾಶ ನೋಡುವವರ ಬಾಯಲ್ಲಿ ಸೀಯಿಂಗ್ ಅಂದ್ರೆ ಬರೀ "ನೋಡುವುದು" ಅಲ್ಲ, ಆಕಾಶ ಶುಭ್ರವಾಗಿದೆ ಅಂತಲೂ ಅಲ್ಲ. ಗಾಳಿ ಎಷ್ಟು ನಿಶ್ಚಲವಾಗಿದೆ ಅನ್ನುವುದಕ್ಕೆ ಆ ಪದ. ಮಂಜು, ಧೂಳಿನ ಲೆಕ್ಕ ಟ್ರಾನ್ಸ್‌ಪರೆನ್ಸಿಗೆ ಹೋಗುತ್ತದೆ. ಎರಡೂ ಜೊತೆಗೇ ಬರಬೇಕು ಅಂತೇನಿಲ್ಲ. ಮಳೆ ಹೋದ ಮೇಲಿನ ಫಳಫಳ ಆಕಾಶದಲ್ಲಿ ಎಷ್ಟೋ ಸಲ ಸೀಯಿಂಗ್ ಕೆಟ್ಟಿರುತ್ತದೆ. ತೆಳು ಮಂಜಿನ ರಾತ್ರಿ ಗ್ರಹ ಅಲುಗದೆ ನಿಲ್ಲುತ್ತದೆ. ಬೇರೆ ಬೇರೆ ಉಷ್ಣತೆಯ ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತದೆ, ಅಷ್ಟೇ ಕಾರಣ. ಈ ನಡುಕಕ್ಕೆ ಎತ್ತರದ ಬೆಟ್ಟದ ಮೇಲಿನ ಶಾಂತ ಗಾಳಿಯೇ ಮದ್ದು ಅಂತ ನ್ಯೂಟನ್ 1704ರಲ್ಲೇ ಬರೆದಿದ್ದಾನೆ. ಹವಾಯಿಯ ಮೌನಾ ಕಿಯಾ, ಚಿಲಿಯ ಪರನಾಲ್ ಬೆಟ್ಟದ ಮೇಲೆ ಒಳ್ಳೆಯ ರಾತ್ರಿ ಸೀಯಿಂಗ್ 0.6 ಆರ್ಕ್‌ಸೆಕೆಂಡಿನ ಆಸುಪಾಸು ಇರುತ್ತದೆ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ರಲ್ಲಿ ಒಂದು ಭಾಗ; ಈ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು). ಸಾಮಾನ್ಯ ಜಾಗದಲ್ಲಿ 2 ಸಿಕ್ಕರೂ ಪರವಾಗಿಲ್ಲ ಅನ್ನುತ್ತೇವೆ. ಕ್ಯಾಸಿನಿ ಗ್ಯಾಪಿನ ಅಗಲವೇ ಮುಕ್ಕಾಲು ಆರ್ಕ್‌ಸೆಕೆಂಡಿನಷ್ಟು. 14 ಇಂಚಿನ ಟೆಲಿಸ್ಕೋಪ್ ಲೆಕ್ಕದ ಪ್ರಕಾರ 0.33ರ ತನಕ ಬಿಡಿಸಿ ತೋರಿಸಬಲ್ಲದು. ಆದರೆ ಗಾಳಿ ಬಿಡಬೇಕಲ್ವಾ?

ಮರುದಿನ ಆಫೀಸಿನವರು ಸರ್ವಿಸ್ ಟಿಕೆಟ್ ಹಾಕಿಯೇ ಬಿಟ್ಟರು. ಎಂಜಿನಿಯರ್ ಬಂದು ಆಪ್ಟಿಕ್ಸ್ ಸರಿ ಇದೆ ಅಂತ ಬರೆದು ಹೋದರು. ನನಗೆ ಜಾಸ್ತಿ ಬೇಜಾರು ಡ್ಯಾಶ್‌ಬೋರ್ಡ್ ಬಗ್ಗೆ. ಅದಕ್ಕಿರುವುದು ಮೋಡದ ಸೆನ್ಸರ್ ಮಾತ್ರ. ಮೋಡ ಇಲ್ಲದಿದ್ದರೆ ಹಸಿರು ಬಣ್ಣದಲ್ಲಿ "ಸೀಯಿಂಗ್ ಗುಡ್" ಅನ್ನುತ್ತದೆ. ಆ ಸಾಲು ತೆಗೆಯಿರಿ ಅಂತ ಬರೆದು ಕೊಟ್ಟಿದ್ದೇನೆ, ಇನ್ನೂ ತೆಗೆದಿಲ್ಲ.

ನಮ್ಮ ಲಾಗ್‌ನಲ್ಲಿ ಈಗ ಸೀಯಿಂಗ್‌ಗೆ ಒಂದು ಕಾಲಂ, ಟ್ರಾನ್ಸ್‌ಪರೆನ್ಸಿಗೆ ಇನ್ನೊಂದು. ಅಂಕಿಯ ಪಕ್ಕ ಸ್ಕೇಲಿನ ಹೆಸರು ಇಲ್ಲದಿದ್ದರೆ ನಾನು ಶಿಫ್ಟ್ ವಹಿಸಿಕೊಳ್ಳುವುದಿಲ್ಲ. ಹೊಸಬರಿಗೂ ಹೇಳಿಟ್ಟಿದ್ದೇನೆ: ಡೋಮ್ ಒಳಗೆ ಹೋಗುವ ಮೊದಲು ತಲೆ ಎತ್ತಿ ನೋಡಿ. ನೆತ್ತಿಯ ಮೇಲಿನ ನಕ್ಷತ್ರಗಳೂ ಜೋರಾಗಿ ಮಿನುಗುತ್ತಿದ್ದರೆ 10 ಎಂಎಂ ಐಪೀಸನ್ನು ಡಬ್ಬಿಯಿಂದ ತೆಗೆಯಲೇಬೇಡಿ.