ಕುಂಬಾರ್ಜುವಾದ ಮೊಸಳೆ, ದಿವಾರ್‌ನ ಫೆರ್ರಿ

ಹುಬ್ಬಳ್ಳಿ ಕಡೆಯಿಂದ ಫೋಂಡಾ ಮೇಲೆ ಪಣಜಿಗೆ ಬರುವಾಗ ಬಾಣಸ್ತಾರಿ ಸೇತುವೆ ಸಿಗುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಬ್ಯಾಗು ಇಳಿಸಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ, ಕೆಳಗೆ ಯಾರೂ ನೋಡುವುದಿಲ್ಲ. ಕೆಳಗಿರುವುದು ಕುಂಬಾರ್ಜುವಾ ಕಾಲುವೆ. ಮಾಂಡೋವಿ ಮತ್ತು ಜುವಾರಿ ನದಿಗಳನ್ನು ಜೋಡಿಸುವ, ಸುಮಾರು 15 ಕಿ.ಮೀ. ಉದ್ದದ ನೀರು. ಸಮುದ್ರದ ಉಬ್ಬರ ಇಳಿತ ಇಲ್ಲಿಗೂ ಬರುತ್ತದೆ, ನೀರು ಉಪ್ಪು. ಅದರಲ್ಲಿ ಮೊಸಳೆಗಳಿವೆ. ದಾಂಡೇಲಿಯ ಕಾಳಿ ನದಿಯಲ್ಲಿರುವ ಅದೇ ಮಗ್ಗರ್ ಜಾತಿ. ಸಿಹಿನೀರಿನ ಮೊಸಳೆ ಉಪ್ಪುನೀರಿಗೆ ಹೊಂದಿಕೊಂಡು ಬದುಕುತ್ತಿದೆ. ವಾಸ್ಕೋದಲ್ಲಿ ಇಷ್ಟು ವರ್ಷ ಇದ್ದೂ ನಾನು ಅದನ್ನು ನೋಡಿರಲಿಲ್ಲ.

ಈ ಸಲ ಹೊರಟಿದ್ದು ದೊಡ್ಡಪ್ಪನ ಮಗನಿಂದಾಗಿ. ಅಣ್ಣ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರ ಗಣಿ ಗಾಡಿಗಳ ಮೆಕ್ಯಾನಿಕ್. ರಜೆಗೆ ಬಂದಿದ್ದ. ಬೀಚ್ ಬೇಡ, ಮೊಸಳೆ ತೋರಿಸು ಅಂದ.

ಬೆಳಗ್ಗೆ ನೀರು ಇಳಿದಿದ್ದ ಹೊತ್ತಿಗೆ ದೋಣಿ ಹತ್ತಿದೆವು. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅದರ ಬುಡದಲ್ಲಿ ಕಪ್ಪು ಕೆಸರು. ದೋಣಿಯವನು ಇಂಜಿನ್ ಆಫ್ ಮಾಡಿ ಬೆರಳು ತೋರಿಸಿದ. ನನಗೆ ಮರದ ದಿಮ್ಮಿ ಮಾತ್ರ ಕಂಡಿತು. ಆಮೇಲೆ ಬಾಯಿ ಕಂಡಿತು, ಅಗಲವಾಗಿ ತೆರೆದ ಹಳದಿ ಬಾಯಿ. ಬೆನ್ನಿನ ಮೇಲಿನ ಕೆಸರು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ನೀರಿನಲ್ಲಿದ್ದ ಬಾಲ ಮಾತ್ರ ಕಪ್ಪಗಿತ್ತು. ನಾವು ಸ್ವಲ್ಪ ಹತ್ತಿರ ಹೋದದ್ದೇ ತಡ, ಸದ್ದಿಲ್ಲದೆ ಜಾರಿ ಹೋಯಿತು. ಕೆಸರಿನಲ್ಲಿ ಹೊಟ್ಟೆ ಎಳೆದ ಗುರುತು, ಪಕ್ಕದಲ್ಲಿ ಬೆರಳು ಬಿಡಿಸಿದ ಪಾದದ ಗುರುತು ಉಳಿದಿತ್ತು. ಅದು ಈಗ ಎಲ್ಲಿದೆ ಅಂತ ನೀರು ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. ನನಗೆ ನಿಜವಾಗಿ ಮೈ ನಡುಗಿದ್ದು ಆಗ.

ದೋಣಿಯವನಿಗೆ ಅಂಥ ಭಯವೇನೂ ಇರಲಿಲ್ಲ. ಜುವಾರಿ ದಂಡೆಯ ದುರ್ಭಾಟದಲ್ಲಿ ಪುಷ್ಯ ಅಮಾವಾಸ್ಯೆಗೆ ಕೆಸರಿನಲ್ಲಿ ಮೊಸಳೆ ಮಾಡಿ ಪೂಜಿಸುತ್ತಾರಂತೆ. ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳಂತೆ ಇಲ್ಲಿ ಉಪ್ಪುನೀರು ತಡೆಯಲು ಬದು ಕಟ್ಟಿದ ಖಾಜನ್ ಗದ್ದೆಗಳಿವೆ. ಬದು ಒಡೆದರೆ ಉಪ್ಪುನೀರು ನುಗ್ಗಿ ಭತ್ತ ಹೋಗುತ್ತದೆ. ಆ ಬದು ಕಾಯುವುದು ಮೊಸಳೆ ಅನ್ನುವುದು ಅವರ ನಂಬಿಕೆ. ಈ ಮಾತು ನನಗೆ ಹಳೆ ಗೋವಾದ ಚರ್ಚುಗಳಿಗಿಂತ ಜಾಸ್ತಿ ಹಿಡಿಸಿತು.

ವಾಪಸ್ ಬರುವಾಗ ಕೇಳಿದೆ, "ಅಣ್ಣಾ, ನಿಮ್ಮಲ್ಲಿ ಗಾಡಿ ಹೊಳೆಗೆ ಇಳಿಸುವಾಗ ಆಳ ಹೇಗೆ ನೋಡ್ತೀರಿ?"

"ನಮ್ಮೂರಲ್ಲಾದರೆ ಒಬ್ಬ ಪ್ಯಾಂಟು ಮಡಚಿ, ಕೋಲು ಹಿಡಿದು ಇಳೀತಾನೆ, ಅಲ್ವಾ? ಅಲ್ಲಿ ಅದೊಂದನ್ನು ಮಾತ್ರ ಮಾಡಬಾರದು."

ಅಲ್ಲಿನ ಕಾಕಡು ರಾಷ್ಟ್ರೀಯ ಉದ್ಯಾನದಲ್ಲಿ ಕೇಹಿಲ್ಸ್ ಕ್ರಾಸಿಂಗ್ ಅಂತ ಒಂದು ಜಾಗ ಇದೆಯಂತೆ. ಈಸ್ಟ್ ಆಲಿಗೇಟರ್ ನದಿಗೆ ಅಡ್ಡಲಾಗಿ ಹಾಕಿದ ಕಾಂಕ್ರೀಟ್ ದಾರಿ. ಉಬ್ಬರ ಬಂದರೆ ದಾರಿಯ ಮೇಲೆ ನೀರು ಹರಿಯುತ್ತದೆ. ಮೀನು ಹಿಡಿಯಲು ಉಪ್ಪುನೀರಿನ ದೊಡ್ಡ ಮೊಸಳೆಗಳು ಅಲ್ಲೇ ಸೇರುತ್ತವೆ. 2017ರಲ್ಲಿ ನಡೆದು ದಾಟಲು ಹೋದ ಒಬ್ಬರನ್ನು ಮೊಸಳೆ ಕೊಂದಿತು.

"ಮತ್ತೆ ದಾಟೋದು ಹೇಗೆ?"

"ಕಾಯೋದು. ಉಬ್ಬರದ ಟೈಮ್ ಟೇಬಲ್ ನೋಡ್ಕೊಂಡು ಹೋಗ್ತೀವಿ. ದಂಡೆಯಲ್ಲಿ ಅಳತೆಯ ಕಂಬ ಇರುತ್ತೆ. ಬೇರೆ ಗಾಡಿ ದಾಟಿದರೆ ನೀರು ಅದರ ಚಕ್ರಕ್ಕೆ ಎಲ್ಲಿವರೆಗೆ ಬಂತು ನೋಡ್ತೀವಿ. ಅನುಮಾನ ಬಂದರೆ ತಿರುಗಿಸ್ಕೊಂಡು ಮನೆಗೆ."

ಇಳಿಯುವ ಮೊದಲೇ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಬಲ), ಚಿಕ್ಕ ಗೇರು. ಇಳಿದ ಮೇಲೆ ಒಂದೇ ವೇಗ. ಮಧ್ಯದಲ್ಲಿ ಕ್ಲಚ್ ಒತ್ತಬಾರದು, ಗೇರು ಬದಲಿಸಬಾರದು. ಇಂಜಿನ್ ನೀರು ಕುಡಿದು ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು. ಗಾಳಿಯನ್ನು ಒತ್ತಿದಂತೆ ಪಿಸ್ಟನ್ ನೀರನ್ನು ಒತ್ತಲಾರದು, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ನಿಂತ ಗಾಡಿಯಿಂದ ಇಳಿಯಬೇಡ, ನೀರು ಏರಿದರೆ ಮೇಲೆ ಹತ್ತಿ ಕೂತು ಸಹಾಯಕ್ಕೆ ಕಾಯಿ ಅಂದ. ದಂಡೆಯಲ್ಲೂ ನೀರಿನಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಬೇಕು, ಟೆಂಟ್ ಹಾಕುವುದಾದರೆ 50 ಮೀಟರ್.

ಅದೇ ಮಧ್ಯಾಹ್ನ ಹಳೆ ಗೋವಾದಿಂದ ದಿವಾರ್ ದ್ವೀಪಕ್ಕೆ ಹೋಗಲು ಫೆರ್ರಿಗೆ ಕಾರು ಹತ್ತಿಸಿದೆವು. ಬಾಡಿಗೆ ಕಾರು. ಕೊಡುವಾಗ ಬಾಡಿಗೆಯವನು "ಎಲ್ಲಾ ಓಕೆ ಸರ್" ಅಂದಿದ್ದ. ನಡು ನೀರಿನಲ್ಲಿ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಕಾರು ಹಿಂದಕ್ಕೆ ಜರುಗಿತು. ಹಿಂದೆ ಇದ್ದದ್ದು ಒಂದು ಸ್ಕೂಟರು, ಅದರ ಹಿಂದೆ ಕಬ್ಬಿಣದ ಹಲಗೆ, ಆಮೇಲೆ ಮಾಂಡೋವಿ. ಅಣ್ಣ ಫುಟ್‌ಬ್ರೇಕ್ ತುಳಿದ. ಫೆರ್ರಿಯ ಹುಡುಗ ಓಡಿ ಬಂದು ಚಕ್ರಕ್ಕೆ ಮರದ ತುಂಡು ಕೊಟ್ಟ. ಆ ಹುಡುಗನ ಚುರುಕು ಎಷ್ಟು ಹೊಗಳಿದರೂ ಸಾಲದು. ಬಾಡಿಗೆಯವನಿಗೆ ಫೋನ್ ಮಾಡಿದರೆ, "ಗೋವಾದಲ್ಲಿ ಎಲ್ಲಾ ಸಪಾಟು ರಸ್ತೆ ಸರ್" ಅಂದ! ಇವತ್ತಿಗೂ ಆ ಮಾತು ನೆನೆದರೆ ಸಿಟ್ಟು ಬರುತ್ತದೆ.

ಬಾಡಿಗೆ ಕಾರು ತೆಗೆದುಕೊಂಡ ತಕ್ಷಣ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಪರೀಕ್ಷೆ ಮಾಡಿ. ಫೆರ್ರಿಯಲ್ಲಿ ಗೇರಿನಲ್ಲೇ ಬಿಡಿ. ಗಾಜು ಇಳಿಸಿ, ಬೆಲ್ಟ್ ಬಿಚ್ಚಿ, ಮಕ್ಕಳನ್ನು ಇಳಿಸಿ ರೇಲಿಂಗ್ ಒಳಗೆ ನಿಲ್ಲಿಸಿಕೊಳ್ಳಿ.

ಮರುದಿನ ಕುಳೆಂನಿಂದ ಜೀಪಿನಲ್ಲಿ ದೂಧಸಾಗರ. 310 ಮೀಟರ್ ಎತ್ತರದ ಜಲಪಾತ, ಚೆಂದವೇ, ಆದರೆ ನಿಂತು ನೋಡಲು ಜಾಗವಿಲ್ಲದಷ್ಟು ಜನ. ಅಣ್ಣನ ಕಣ್ಣೆಲ್ಲ ದಾರಿಯ ಹಳ್ಳಗಳ ಮೇಲೆ. ಡ್ರೈವರ್ ಖಾನಾಪುರ ಕಡೆಯ ಕನ್ನಡದವರು. ಮುಂದಿನ ಜೀಪು ಆಚೆ ದಂಡೆ ಹತ್ತುವವರೆಗೆ ಕಾದು, ಅದು ಹೋದ ಗೆರೆಯಲ್ಲೇ ನಿಧಾನ ಇಳಿಸಿದರು. ನೀರು ಬಾಗಿಲ ಕೆಳಗೆ ಬಂತು, ಇಂಜಿನ್ ಸದ್ದು ಸ್ವಲ್ಪವೂ ಬದಲಾಗಲಿಲ್ಲ.

"ಕಾಕಾ, ಮಳೆಗಾಲದಲ್ಲಿ ಎಷ್ಟು ನೀರಿದ್ದರೆ ಇಳಿಸ್ತೀರಿ?" ಅಂತ ಅಣ್ಣ ಕೇಳಿದ.

"ಮಳೆಗಾಲದಾಗ ಇಳಸೂದೇ ಇಲ್ಲ ತಮ್ಮಾ. ಗಾಡಿ ಬಂದ್. ಮಳಿ ನಿಂತ ಮ್ಯಾಲೆ ಅಕ್ಟೋಬರ್‌ಕ್ಕ ಚಾಲೂ."