ಅಪ್ಪನ ಹರಳು, ಕರಿಯನ ಕಿಡ್ನಿ

ಕುಷ್ಟಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ಕಿಡ್ನಿ ಹರಳಿನ ನೋವು ಬಂದು, ಸ್ಕ್ಯಾನಿಂಗಿನಲ್ಲಿ 4 ಮಿಲಿಮೀಟರಿನ ಹರಳು ಕಂಡಾಗ, ಅವ್ವ ಹೊಲದ ಬದುವಿನಿಂದ ನೆಗ್ಗಿಲು ಮುಳ್ಳು ಆರಿಸಿ ತಂದು, ಜಜ್ಜಿ, ಒಂದು ಚರಿಗೆ ನೀರು ಅರ್ಧಕ್ಕಿಳಿಯುವ ತನಕ ಕುದಿಸಿ ಹದಿನೈದು ದಿನ ಕುಡಿಸಿದ್ದಳು. ಜೊತೆಗೆ ಹುರುಳಿ ಕಟ್ಟು ಮತ್ತು ಬಾಳೆದಿಂಡಿನ ರಸವೂ ಇತ್ತು. ಹರಳು ಬಿದ್ದುಹೋಯಿತು. 5 ಮಿಲಿಮೀಟರಿಗಿಂತ ಸಣ್ಣ ಹರಳುಗಳಲ್ಲಿ ಹೆಚ್ಚಿನವು ಚೆನ್ನಾಗಿ ನೀರು ಕುಡಿದರೆ ತಾವಾಗಿಯೇ ಇಳಿದುಹೋಗುತ್ತವೆ ಎಂಬುದು ನಮಗೆ ಗೊತ್ತಿರಲಿಲ್ಲವಾದ್ದರಿಂದ, ಗುಣವಾದ ಕೀರ್ತಿಯೆಲ್ಲ ನೆಗ್ಗಿಲಿಗೇ ಸಂದಿತು.

ಹೋದ ಬೇಸಿಗೆಯಲ್ಲಿ, ಹನ್ನೊಂದು ವರ್ಷ ನಮ್ಮ ಬಾಗಿಲು ಕಾಯ್ದ ನಾಯಿ ಕರಿಯ, ದನಗಳ ಡೋಣಿಗೆ ಬಾಯಿಯಿಟ್ಟು ಮತ್ತೆ ಮತ್ತೆ ನೀರು ಕುಡಿಯತೊಡಗಿತು. ಬಿಸಿಲಿನ ತಾಪವೆಂದೇ ನಾವು ತಿಳಿದೆವು. ರೊಟ್ಟಿ ಬಿಟ್ಟಿತು, ಹತ್ತಿರ ಹೋದರೆ ಬಾಯಿಂದ ಮೂತ್ರದಂಥ ನಾತ ಬರುತ್ತಿತ್ತು. ‘ಕಿಡ್ನಿದೇ ಇರಬೇಕು, ನಿಮ್ಮಪ್ಪಗ ಕಡಿಮಿ ಆಗಲಿಲ್ಲೇನು’ ಎಂದು ಅವ್ವ ಅದೇ ಕಷಾಯ ಕಾಸಿದಳು. ನಾನು ಸೂಜಿ ತೆಗೆದ ಸಿರಿಂಜಿನಿಂದ ಅದರ ದವಡೆಯ ಸಂದಿಗೆ ಬಿಟ್ಟೆ. ಹಳದಿ ನೊರೆಯೊಂದಿಗೆ ಎಲ್ಲವನ್ನೂ ಕಾರಿಕೊಂಡು, ಅದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು.

ಪಶುವೈದ್ಯರು ಮೊದಲು ಕೇಳಿದ್ದು, ‘ದ್ರಾಕ್ಷಿ ತಿಂದದ ಏನು?’ ಎಂದು. ನಮ್ಮ ಸೀಮೆಯಲ್ಲಿ ದ್ರಾಕ್ಷಿ ತೋಟಗಳಿವೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷವಾಗಬಲ್ಲವು. ಕರಿಯ ತಿಂದಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್, ನಾಯಿಗೆ ಸುಮಾರು 1.4ರ ಒಳಗಿರಬೇಕಾದದ್ದು, 4.6 ಇತ್ತು. ಕಿಡ್ನಿಯ ಮೂರರಲ್ಲಿ ಎರಡು ಪಾಲು ಕೆಟ್ಟ ಮೇಲೆ ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಹೋಗುವುದರಿಂದಲೇ ನಾಯಿ ಅಷ್ಟು ನೀರು ಕುಡಿಯುತ್ತದೆ. ಅಂಥ ದೇಹಕ್ಕೆ ಮೂತ್ರ ಹೆಚ್ಚಿಸುವ ಕಷಾಯ ಕೊಟ್ಟರೆ ಇರುವ ನೀರೂ ಹೋಗುತ್ತದೆ ಎಂದು ಅವರು ತಿಳಿಸಿ ಹೇಳಿದರು. ಹರಳು ಕಟ್ಟುವುದೂ ಕಿಡ್ನಿ ಸೋಲುವುದೂ ಬೇರೆ ಬೇರೆ ರೋಗಗಳು. ನಾವು ಎರಡಕ್ಕೂ ‘ಕಿಡ್ನಿ ತ್ರಾಸು’ ಎಂಬ ಒಂದೇ ಹೆಸರಿಟ್ಟಿದ್ದೆವು.

ಮೂರು ದಿನ ಸಲೈನ್ ಹಾಕಿಸಿದೆವು. ಆ ನಡುವೆಯೇ ನೆರೆಯವರೊಬ್ಬರು ಈಶ್ವರಿ ಬೇರು ತಂದುಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದರು, ಆದರೆ ನಾನು ಅದನ್ನು ತೇಯಲು ಬಿಡಲಿಲ್ಲ. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೇ ಕೆಡಿಸುತ್ತದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮೂಲಿಕೆ ಸೇವಿಸಿದ ಅನೇಕ ಹೆಣ್ಣುಮಕ್ಕಳು ಕಿಡ್ನಿ ಕಳೆದುಕೊಂಡದ್ದು ಇದರಿಂದಲೇ.

ಕರಿಯ ಮತ್ತೆ ಐದು ತಿಂಗಳು ಬದುಕಿತು, ಅನ್ನದ ಗಂಜಿ ನೆಕ್ಕುತ್ತ.

ನನ್ನನ್ನು ಹೆಚ್ಚು ಕಾಡಿದ್ದು ಗಂಗಾವತಿಯ ಸೋದರಮಾವನ ಚಿಂತೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿರುವ ಅವರು, ಅಪ್ಪನಿಗೆ ಗುಣವಾದದ್ದನ್ನು ಕೇಳಿ ದಿನವೂ ಬಾಳೆದಿಂಡಿನ ರಸ, ಎಳನೀರು ಕುಡಿಯುತ್ತಿದ್ದರು. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪಶು ಆಸ್ಪತ್ರೆಯಿಂದ ಬಂದ ಸಂಜೆಯೇ ಅವ್ವ ಫೋನ್ ಹಚ್ಚಿ, ‘ಅಣ್ಣಾ, ಆ ರಸ ಇವತ್ತಿಂದ ಬಿಡು, ನಾಳೆ ಡಾಕ್ಟರ್ ಹತ್ರ ರಕ್ತ ತೋರಿಸಿ ಬಾ’ ಎಂದಳು.